ಮಳೆ ಎಚ್ಚರಿಕೆಯ ಪಕ್ಕದಲ್ಲಿ ಉಬ್ಬರದ ಹೊತ್ತನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಕಳೆದ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಎಚ್ಚರಿಕೆ ಬಂದು ಬಿತ್ತು. ಮೇಲೆ ಹಳದಿ ಬಣ್ಣದ ಪಟ್ಟಿ, ಕೆಳಗೆ ಭಾರೀ ಮಳೆ, ಬಿರುಗಾಳಿ, ತಗ್ಗು ಪ್ರದೇಶಗಳಲ್ಲಿ ನೆರೆ, ಗುಡ್ಡ ಕುಸಿತ ಎಂಬ ವಿವರಗಳು, ಎಲ್ಲದಕ್ಕೂ ಕಾರಣ ‘ಉಷ್ಣವಲಯದ ಅಲೆ’ ಎಂಬ ಒಕ್ಕಣೆ. ಇಂಗ್ಲಿಷಿನಲ್ಲಿದ್ದ ಸೂಚನೆಯನ್ನು ಯಾರೋ ಮೊಬೈಲಿನಲ್ಲೇ ಕನ್ನಡಕ್ಕೆ ತಿರುಗಿಸಿ ಹಂಚಿದ್ದರು. ಹತ್ತು ನಿಮಿಷ ಕಳೆಯುವುದರೊಳಗೆ ಮಂಗಳೂರಿನ ಪಣಂಬೂರು ಕಡಲತೀರದಲ್ಲಿ ಮಧ್ಯಾಹ್ನ ದೊಡ್ಡ ಅಲೆ ಏಳಲಿದೆ ಎಂದು ಒಬ್ಬರು ಬರೆದರು, ಮತ್ತೊಬ್ಬರು ಸುನಾಮಿ ಎಂಬ ಶಬ್ದವನ್ನೂ ಬಳಸಿಬಿಟ್ಟರು. ಮಲ್ಪೆಯ ಪಡುಕೆರೆಯಲ್ಲಿರುವ ನನ್ನ ತಂಗಿ ಗಾಬರಿಯಿಂದ ಫೋನ್ ಮಾಡಿ, “ಅಣ್ಣ, ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ, ನಮ್ಮ ಮನೆ ನಡುವಿನಲ್ಲಿ. ಮಕ್ಕಳನ್ನು ನಿಮ್ಮಲ್ಲಿಗೆ ಕಳುಹಿಸಲಾ?” ಎಂದು ಕೇಳಿದಳು. ಆಮೇಲೆ ವಿಚಾರಿಸಿದಾಗ ತಿಳಿದದ್ದಿಷ್ಟು: ಹಡಗಿನಲ್ಲಿ ಎಂಜಿನಿಯರ್ ಆಗಿರುವ ನಮ್ಮ ಅಕ್ಕನ ಮಗ ಆಗ ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪದ ಪೋರ್ಟ್ ಆಫ್ ಸ್ಪೇನ್ ಬಂದರಿನಲ್ಲಿದ್ದ, ‘ಇಲ್ಲಿಯೂ ನಮ್ಮೂರಿನ ಹಾಗೆಯೇ ಮಳೆಗಾಲ’ ಎಂದು ತೋರಿಸಲು ಅಲ್ಲಿನ ಹವಾಮಾನ ಸೂಚನೆಯನ್ನು ತನ್ನ ತಾಯಿಗೆ ಕಳುಹಿಸಿದ್ದ. ತಾಯಿಯಿಂದ ಗುಂಪಿಗೆ ಬರುವಷ್ಟರಲ್ಲಿ ಊರಿನ ಹೆಸರು ಉದುರಿಹೋಗಿ ಅಲೆ ಮಾತ್ರ ಉಳಿದಿತ್ತು.

ನಗುವ ವಿಷಯವೇ ಸರಿ. ಆದರೆ ಆ ದಿನ ಮಧ್ಯಾಹ್ನ ನಮ್ಮ ಅಂಗಳದಲ್ಲಿ ನಡೆದದ್ದನ್ನು ನೋಡಿದ ಮೇಲೆ ನನಗೆ ನಗು ಬರಲಿಲ್ಲ. ನಿಮಗೆ ಈ ಪತ್ರ ಬರೆಯುವುದಕ್ಕೂ ಅದೇ ಕಾರಣ.

ಮೊದಲಿಗೆ ಆ ‘ಅಲೆ’ಯ ಗೊಂದಲವನ್ನು ಬಿಡಿಸುತ್ತೇನೆ, ಮೂರು ದಶಕ ಭೂಗೋಳ ಪಾಠ ಮಾಡಿದವನ ಚಾಳಿ, ಮನ್ನಿಸಬೇಕು. ಉಷ್ಣವಲಯದ ಅಲೆ ನೀರಿನ ಅಲೆಯಲ್ಲ. ಮಳೆಗಾಲದ ತಿಂಗಳುಗಳಲ್ಲಿ ಆಫ್ರಿಕಾ ಖಂಡದ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಗಾಳಿಯ ಒಂದು ಹರಿವು ಇರುತ್ತದೆ. ಒಂದು ಕಡೆ ಕಾದ ಸಹಾರಾ ಮರುಭೂಮಿ, ಇನ್ನೊಂದು ಕಡೆ ಗಿನಿ ಕೊಲ್ಲಿಯ ತಂಪು. ಇವೆರಡರ ನಡುವಿನ ಉಷ್ಣತೆಯ ವ್ಯತ್ಯಾಸದಿಂದ ಆ ಹರಿವು ನೇರವಾಗಿ ಸಾಗದೆ ಹಾವಿನಂತೆ ಬಳುಕುತ್ತದೆ. ಒಂದು ಬಳುಕಿನಿಂದ ಮತ್ತೊಂದಕ್ಕೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಅಂತರ. ಮೂರು ನಾಲ್ಕು ದಿನಗಳಿಗೊಂದರಂತೆ, ವರ್ಷಕ್ಕೆ ಸರಾಸರಿ 60ರಷ್ಟು, ಇಂತಹ ಬಳುಕುಗಳು ಆಫ್ರಿಕಾದ ಕರಾವಳಿಯನ್ನು ಬಿಟ್ಟು ಅಟ್ಲಾಂಟಿಕ್ ಸಾಗರದ ಮೇಲೆ ಪಶ್ಚಿಮಕ್ಕೆ ಹೊರಡುತ್ತವೆ. ಹೆಚ್ಚಿನವು ಕೆರಿಬಿಯನ್ ದ್ವೀಪಗಳ ಮೇಲೆ ಒಂದೆರಡು ದಿನ ಗುಡುಗು ಮಳೆ ಸುರಿಸಿ ಮುಂದೆ ಸಾಗುತ್ತವೆ, ಕೆಲವು ಮಾತ್ರ ದಾರಿಯಲ್ಲಿ ಬಲಗೊಂಡು ಚಂಡಮಾರುತವಾಗುತ್ತವೆ. ಅಲ್ಲಿಯ ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಟ್ರಿನಿಡಾಡಿನ ಮಳೆಗಾಲ ಜೂನಿನಿಂದ ಡಿಸೆಂಬರ್ ತನಕ. ನಮ್ಮ ಕರಾವಳಿಯ ಮಳೆಗೆ ಈ ಬಳುಕಿನೊಂದಿಗೆ ಸಂಬಂಧವಿಲ್ಲ. ನಮ್ಮದು ಅರಬ್ಬಿ ಸಮುದ್ರದ ತೇವವನ್ನು ಹೊತ್ತು ಬಂದು ಪಶ್ಚಿಮ ಘಟ್ಟಕ್ಕೆ ಡಿಕ್ಕಿ ಹೊಡೆಯುವ ನೈಋತ್ಯ ಮಾರುತದ ಮಳೆ. ಗುಜರಾತಿನಿಂದ ಕೇರಳದವರೆಗೆ ಕಡಲತೀರದ ಉದ್ದಕ್ಕೂ ಕಡಿಮೆ ಒತ್ತಡದ ಪಟ್ಟಿಯೊಂದು ಚಾಚಿಕೊಂಡಾಗ, ಅಥವಾ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ, ಈ ಮಾರುತಕ್ಕೆ ಬಲ ಬಂದು ನಮ್ಮಲ್ಲಿ ಎರಡು ಮೂರು ದಿನ ಬಿಡದೆ ಹೊಯ್ಯುತ್ತದೆ. ಪತ್ರಿಕೆಗಳು ವಿದೇಶದ ಸುದ್ದಿ ಕೊಡುವಾಗ ಅಲ್ಲಿಯ ಅಲೆಯನ್ನು ‘ಗಾಳಿಯಲೆ’ ಎಂದು ಬರೆದರೆ ಅರ್ಧ ಗೊಂದಲ ತೀರುತ್ತದೆ. ಕಡಲಿನ ಪಕ್ಕದಲ್ಲಿ ಬದುಕುವವರಿಗೆ ಬರೀ ‘ಅಲೆ’ ಎಂದರೆ ಒಂದೇ ಅರ್ಥ.

ಇನ್ನು ಆ ದಿನದ ವಿಷಯ. ನಮ್ಮ ಮನೆ ಇರುವುದು ಜೆಪ್ಪಿನಮೊಗರಿನಲ್ಲಿ, ನೇತ್ರಾವತಿಯ ದಂಡೆಯಿಂದ ಹೆಚ್ಚು ದೂರವಿಲ್ಲದ ತಗ್ಗಿನಲ್ಲಿ. ಹಿಂದಿನ ಸಂಜೆಯೇ ಜಿಲ್ಲೆಗೆ ಆರೆಂಜ್ ಅಲರ್ಟ್ ಇದೆ ಎಂದು ಟಿ.ವಿ.ಯಲ್ಲಿ ಹೇಳಿದ್ದರು, ಬೆಳಿಗ್ಗೆ ಮೊಬೈಲಿಗೆ ಕನ್ನಡದಲ್ಲಿ ಸಂದೇಶವೂ ಬಂದಿತ್ತು. ಅಂದರೆ ಎಚ್ಚರಿಕೆ ಸಿಗಲಿಲ್ಲ ಎಂದು ದೂರುವ ಹಾಗಿಲ್ಲ. ಒಂಬತ್ತು ಗಂಟೆಗೆ ಹಿಡಿದ ಮಳೆ ಹತ್ತೂವರೆಯವರೆಗೆ ಒಂದೇ ಸಮನೆ ಸುರಿದು ನಿಂತಿತು. ಅಂಗಳದಾಚೆಯ ತೋಡು ತುಂಬಿತ್ತಾದರೂ ಹರಿಯುತ್ತಿತ್ತು. ಮಳೆ ಬಿಟ್ಟಿತಲ್ಲ, ಇನ್ನು ಇಳಿಯುತ್ತದೆ ಎಂದುಕೊಂಡು ನಾನು ಚಹಾ ಕುಡಿಯಲು ಒಳಗೆ ಹೋದೆ. ಹನ್ನೊಂದು ಗಂಟೆಗೆ ಹೊರಗೆ ಬಂದು ನೋಡಿದರೆ ತೋಡಿನ ನೀರು ನಿಂತೇಬಿಟ್ಟಿತ್ತು. ಮೇಲೆ ತೇಲುತ್ತಿದ್ದ ಒಣ ಸೋಗೆಯ ತುಂಡೊಂದು ಇದ್ದಲ್ಲೇ ಒಂದು ಸುತ್ತು ತಿರುಗಿ, ಬಳಿಕ ನದಿಯ ದಿಕ್ಕನ್ನು ಬಿಟ್ಟು ನಿಧಾನವಾಗಿ ನಮ್ಮ ಗೇಟಿನ ಕಡೆಗೆ ಬರತೊಡಗಿತು. ಅದರ ಹಿಂದೆ ಒಂಟಿ ಹವಾಯಿ ಚಪ್ಪಲಿ, ಅದರ ಹಿಂದೆ ಮುಚ್ಚಳ ಹಾಕಿದ ನೀರಿನ ಬಾಟಲಿ, ಎಲ್ಲವೂ ಹಿಮ್ಮುಖ. ಆಕಾಶದಲ್ಲಿ ಆಗ ಎಳೆಬಿಸಿಲು ಇತ್ತು. ಹನ್ನೆರಡೂಕಾಲಿಗೆ ನೀರು ನಮ್ಮ ಜಗಲಿಯ ಎರಡನೇ ಮೆಟ್ಟಿಲನ್ನು ಮುಟ್ಟಿತು. ಪಂಪಿನ ಸ್ವಿಚ್ ತೆಗೆದು, ಅಕ್ಕಿಯ ಡಬ್ಬಿಗಳನ್ನು ಅಟ್ಟಕ್ಕೇರಿಸಿ, ಪಕ್ಕದ ಮನೆಯ ವೃದ್ಧೆಯನ್ನು ಕುರ್ಚಿಯ ಸಮೇತ ಎತ್ತಿ ತಂದು ನಮ್ಮ ಮಾಳಿಗೆಯಲ್ಲಿ ಕೂರಿಸಿದೆವು. ಒಂದು ಗಂಟೆ ಕಳೆದ ಮೇಲೆ ಯಾರೂ ಏನೂ ಮಾಡದೆ ನೀರು ತಾನಾಗಿ ತಿರುಗಿತು. ಮೂರು ಗಂಟೆಗೆ ಅಂಗಳದಲ್ಲಿ ಉಳಿದದ್ದು ಬೆರಳುದ್ದದ ಕೆಸರು ಮಾತ್ರ.

ತೋಡಿನ ಹೂಳನ್ನು ಈ ವರ್ಷ ತೆಗೆದಿದ್ದರು, ನಾನೇ ಕಣ್ಣಾರೆ ಕಂಡಿದ್ದೇನೆ. ಆ ದಿನ ನಮ್ಮನ್ನು ಮುಳುಗಿಸಿದ್ದು ಹೂಳೂ ಅಲ್ಲ, ಮಳೆಯೊಂದೇ ಅಲ್ಲ. ಮಳೆಯ ನೀರು ನದಿಗೆ ಇಳಿಯಬೇಕಾದ ಹೊತ್ತಿಗೆ ಸರಿಯಾಗಿ, ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಉಬ್ಬರದಿಂದ ಕಡಲು ಏರುತ್ತಿತ್ತು. ಮಂಗಳೂರಿನ ಉಬ್ಬರವಿಳಿತ ದೊಡ್ಡದೇನಲ್ಲ. ಗುಜರಾತಿನ ಭಾವನಗರದ ಬಳಿ ಕಡಲು ಹತ್ತು ಮೀಟರಿಗೂ ಹೆಚ್ಚು ಏರಿ ಇಳಿಯುತ್ತದೆ, ನಮ್ಮಲ್ಲಿ ಹೆಚ್ಚೆಂದರೆ ಒಂದೂವರೆ ಮೀಟರಿನ ಆಸುಪಾಸು. ಇಷ್ಟು ಕಡಿಮೆ ಇರುವುದರಿಂದಲೇ ನಾವು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ನೇತ್ರಾವತಿಯೂ ಫಲ್ಗುಣಿಯೂ ಒಂದೇ ಅಳಿವೆಬಾಗಿಲಿನಲ್ಲಿ ಕಡಲು ಸೇರುವ ಈ ಊರಿನಲ್ಲಿ, ನದಿಯಂಚಿನ ತಗ್ಗುಗಳ ಚರಂಡಿಗಳಿಗೆ ಇರುವ ಇಳಿಜಾರೇ ಅಡಿಗಳ ಲೆಕ್ಕದಲ್ಲಿರುವಾಗ, ಒಂದೂವರೆ ಮೀಟರ್ ಏರಿದ ನದಿ ಎಂದರೆ ಮುಚ್ಚಿದ ಬಾಗಿಲು. ಅದರ ಜೊತೆಗೆ ಮಳೆಗಾಲದ ಪಶ್ಚಿಮದ ಗಾಳಿ ಕಡಲ ನೀರನ್ನು ದಡಕ್ಕೆ ದೂಡುತ್ತಿರುತ್ತದೆ. ಘಟ್ಟದಿಂದ ಉಪ್ಪಿನಂಗಡಿ, ಬಂಟ್ವಾಳದ ಮೂಲಕ ಇಳಿದು ಬರುವ ನೆರೆ ನೀರು ಹಿಂದಿನಿಂದ ಒತ್ತುತ್ತಿರುತ್ತದೆ. ಬಂಟ್ವಾಳದಲ್ಲಿ ನದಿ 8.5 ಮೀಟರಿನ ಅಪಾಯದ ಮಟ್ಟಕ್ಕೆ ಬಂದಿತೇ ಎಂಬುದನ್ನು ಎಲ್ಲ ಪತ್ರಿಕೆಗಳೂ ತಪ್ಪದೆ ಬರೆಯುತ್ತವೆ, 1974ರ ನೆರೆಯ ನೆನಪು ಅಲ್ಲಿಯ ಹಿರಿಯರಲ್ಲಿ ಇನ್ನೂ ಇರುವುದರಿಂದ ಅದು ಸರಿಯೂ ಹೌದು. ಆದರೆ ಆ ನೀರು ಕಡಲಿಗೆ ಸೇರುವ ತುದಿಯಲ್ಲಿ ಬಾಗಿಲು ಎಷ್ಟು ಹೊತ್ತಿಗೆ ಮುಚ್ಚಿ ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂಬುದನ್ನು ಯಾರೂ ಬರೆಯುವುದಿಲ್ಲ.

ಆ ರಾತ್ರಿ ಕೆಸರು ತೊಳೆದು ಕುಳಿತವನು ಕುತೂಹಲಕ್ಕೆಂದು ಅಳಿಯ ಕಳುಹಿಸಿದ್ದ ಮೂಲ ಸೂಚನೆಯನ್ನು ತೆರೆದು ಓದಿದೆ. ಅದರ ಕೊನೆಯಲ್ಲಿ, ಕನ್ನಡಕ್ಕೆ ತಿರುಗಿಸಿದವರು ಬಿಟ್ಟಿದ್ದ ಒಂದು ಸಾಲು ಇತ್ತು: ಉಬ್ಬರದ ಹೊತ್ತಿನಲ್ಲಿ ತಗ್ಗು ಪ್ರದೇಶಗಳಿಂದ ನೀರು ಇಳಿಯುವುದು ನಿಧಾನವಾಗಬಹುದು. ಹದಿನಾಲ್ಕು ಸಾವಿರ ಕಿಲೋಮೀಟರಿಗೂ ಆಚೆಯ ದ್ವೀಪದವರಿಗೆಂದು ಬರೆದ ಆ ಸಾಲು ಜೆಪ್ಪಿನಮೊಗರಿನ ಆ ಮಧ್ಯಾಹ್ನಕ್ಕೆ ನಮ್ಮದೇ ಎಚ್ಚರಿಕೆಗಿಂತ ಹೆಚ್ಚು ಹೊಂದುತ್ತಿತ್ತು.

ನಮ್ಮಲ್ಲಿ ಮಾಹಿತಿಗೆ ಬರವಿಲ್ಲ. ಮಳೆಯ ಮುನ್ಸೂಚನೆಯನ್ನು ಭಾರತೀಯ ಹವಾಮಾನ ಇಲಾಖೆ ಕೊಡುತ್ತದೆ. ಕಡಲಿನದನ್ನು 1999ರಲ್ಲಿ ಆರಂಭವಾದ, ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ, ನಮ್ಮ ಮೀನುಗಾರರ ಬಾಯಲ್ಲಿ ‘ಇನ್‌ಕಾಯಿಸ್’, ಕೊಡುತ್ತದೆ. ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕ ಇಟ್ಟಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಬಿದ್ದ ಮಳೆಯ ಲೆಕ್ಕ ಹೇಳುತ್ತದೆ. ಉಬ್ಬರವಿಳಿತದ ಕೋಷ್ಟಕವನ್ನು ಸರ್ವೆ ಆಫ್ ಇಂಡಿಯಾ ಪ್ರತಿ ವರ್ಷ ಮುಂಚಿತವಾಗಿ ಪ್ರಕಟಿಸುತ್ತದೆ. ಮಳೆಯ ಮುನ್ಸೂಚನೆ ತಪ್ಪಬಹುದು, ಸೂರ್ಯ ಚಂದ್ರರ ಲೆಕ್ಕದ ಮೇಲೆ ನಿಂತಿರುವ ಉಬ್ಬರದ ಹೊತ್ತು ತಪ್ಪುವುದು ನಿಮಿಷಗಳಲ್ಲಿ ಮಾತ್ರ. ಈ ನಾಲ್ಕೂ ಬೇರೆ ಬೇರೆ ಬಾಗಿಲುಗಳಿಂದ ಬರುತ್ತವೆ. ಒಂದೇ ಕಡೆ ಇಟ್ಟು ಓದುವ ಕೆಲಸ ಓದುಗನಿಗೆ ಬಿಟ್ಟದ್ದಾಗಿದೆ, ಮತ್ತು ಓದುಗನ ಕೈಗೆ ಬರುವಾಗ ನಾಲ್ಕರಲ್ಲಿ ಉಳಿದಿರುವುದು ಒಂದು ಬಣ್ಣ ಮಾತ್ರ.

ಬಣ್ಣದ ಬಗ್ಗೆಯೂ ಎರಡು ಮಾತು ಹೇಳಬೇಕು. ‘ರೆಡ್ ಅಲರ್ಟ್ ಎಂದರೆ ಬಟ್ಟೆ ಒಣಗಿಸಲು ಒಳ್ಳೆಯ ದಿನ’ ಎಂಬ ಹಾಸ್ಯ ನಮ್ಮ ಕಡೆ ಹಳತಾಯಿತು. ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ ಭಾರೀ ಮಳೆ, 115.6ರಿಂದ 204.4ರವರೆಗೆ ಅತಿ ಭಾರೀ, 204.5 ದಾಟಿದರೆ ಅತ್ಯಂತ ಭಾರೀ. ಇದರ ಜೊತೆಗೆ ಮುನ್ಸೂಚನೆಯಲ್ಲಿ ಇನ್ನೊಂದು ಪದ ಯಾವಾಗಲೂ ಇರುತ್ತದೆ: ಒಂದೆರಡು ಕಡೆ, ಕೆಲವು ಕಡೆ, ಹಲವು ಕಡೆ, ಬಹುತೇಕ ಕಡೆ. ಇವು ಮಾತಿನ ಅಲಂಕಾರವಲ್ಲ, ಅಳತೆಗಳು. ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಮಳೆಮಾಪಕ ಕೇಂದ್ರಗಳಲ್ಲಿ ನೂರಕ್ಕೆ 25ಕ್ಕಿಂತ ಹೆಚ್ಚಿನ ಕಡೆ ಅಷ್ಟು ಮಳೆ ಬೀಳಲಾರದು ಎಂದರ್ಥ. ‘ಬಹುತೇಕ ಕಡೆ’ ಎಂದರೆ 75ಕ್ಕಿಂತ ಹೆಚ್ಚಿನ ಕಡೆ. ‘ಒಂದೆರಡು ಕಡೆ ಅತ್ಯಂತ ಭಾರೀ ಮಳೆ’ ಎಂಬ ಮುನ್ಸೂಚನೆ ಪತ್ರಿಕೆಯ ತಲೆಬರಹಕ್ಕೆ ಬರುವಾಗ ‘ಜಿಲ್ಲೆಯಲ್ಲಿ ಇಂದು ರೆಡ್ ಅಲರ್ಟ್’ ಆಗಿರುತ್ತದೆ. ಸುಬ್ರಹ್ಮಣ್ಯದಲ್ಲಿ ಹೊಳೆ ಉಕ್ಕಿ, ಸುರತ್ಕಲ್‌ನಲ್ಲಿ ಬಿಸಿಲು ಬಿದ್ದರೆ ಮುನ್ಸೂಚನೆ ತಪ್ಪಿತೆಂದು ಸುರತ್ಕಲ್‌ನವರು ನಗುತ್ತಾರೆ, ಮರುವಾರ ಅದೇ ಬಣ್ಣ ಬಂದಾಗ ಛತ್ರಿಯನ್ನೂ ಹಿಡಿಯುವುದಿಲ್ಲ. ಕತ್ತರಿ ಆಡಿದ್ದು ಇಲಾಖೆಯ ಮೇಜಿನಲ್ಲಲ್ಲ, ಸುದ್ದಿಮನೆಯಲ್ಲಿ ಎಂಬುದನ್ನು ನಿಮ್ಮ ಹಳೆಯ ಓದುಗನ ಸಲುಗೆಯಿಂದ ಹೇಳುತ್ತಿದ್ದೇನೆ.

ಮಿಲಿಮೀಟರ್ ಎಂಬುದು ಜನರಿಗೆ ಅರ್ಥವಾಗದು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು. ನಮ್ಮೂರಿನ ಸಾಮಾನ್ಯ ಅಳತೆಯಾದ ಐದು ಸೆಂಟ್ಸ್ ಜಾಗ ಸುಮಾರು 202 ಚದರ ಮೀಟರ್. 204.5 ಮಿ.ಮೀ. ಮಳೆ ಬಿದ್ದ ದಿನ ಆ ಐದು ಸೆಂಟ್ಸಿನ ಮೇಲೆ ಬೀಳುವುದು 41 ಸಾವಿರ ಲೀಟರಿಗೂ ಹೆಚ್ಚು. ಬೇಸಗೆಯಲ್ಲಿ ನಾವು ದುಡ್ಡು ಕೊಟ್ಟು ತರಿಸುವ ಆರು ಸಾವಿರ ಲೀಟರಿನ ಟ್ಯಾಂಕರ್ ಏಳು ಸಲ ಬಂದು ಸುರಿದಂತೆ. ಅಂಗಳಕ್ಕೆ ಪೂರ್ತಿ ಇಂಟರ್‌ಲಾಕ್ ಹಾಸಿದ ಮನೆಯಲ್ಲಿ ಇದರಲ್ಲಿ ನೆಲಕ್ಕೆ ಇಂಗುವುದು ತೀರಾ ಕಡಿಮೆ, ಬಹುಪಾಲು ರಸ್ತೆಗೆ, ರಸ್ತೆಯಿಂದ ತೋಡಿಗೆ. ಈ ಲೆಕ್ಕವನ್ನು ಏಳನೇ ತರಗತಿಯ ಮಕ್ಕಳು ಬಾಯಲ್ಲೇ ಮಾಡುತ್ತಿದ್ದರು. ನಿಮ್ಮ ಓದುಗರೂ ಮಾಡುತ್ತಾರೆ.

ಹೊತ್ತಿನ ವಿಷಯ ಇದಕ್ಕಿಂತ ಮುಖ್ಯ. ಇಲಾಖೆಯ ಮಳೆಯ ದಿನ ಮುಗಿಯುವುದು ನಡುರಾತ್ರಿಗಲ್ಲ, ಬೆಳಿಗ್ಗೆ 8.30ಕ್ಕೆ. 30ನೇ ತಾರೀಕಿನ ಮಳೆ ಎಂದು ದಾಖಲಾಗುವುದರಲ್ಲಿ ಬಹುಪಾಲು 29ರಂದು ಬಿದ್ದದ್ದು. ಪತ್ರಿಕೆಯಲ್ಲಿ ಬರುವ ಎಚ್ಚರಿಕೆ ಹಿಂದಿನ ದಿನದ್ದು. ನಾವು ಕಾಫಿಯ ಜೊತೆ ಓದುವ ಹೊತ್ತಿಗೆ ಇಲಾಖೆ ಅದನ್ನು ತಿದ್ದಿಯೂ ಇರಬಹುದು. ಯಾವ ಗಂಟೆಗೆ ಹೊರಡಿಸಿದ್ದು, ಯಾವ ಗಂಟೆಯವರೆಗೆ ಅನ್ವಯ ಎಂಬ ಎರಡು ಅಂಕಿಗಳು ಇಲ್ಲದ ಎಚ್ಚರಿಕೆ ಔಷಧಿಯ ಬಾಟಲಿಯ ಮೇಲೆ ಅವಧಿ ಮುಗಿಯುವ ದಿನಾಂಕ ಅಳಿಸಿಹೋದಂತೆ. ಇನ್ನು 100 ಮಿ.ಮೀ. ಮಳೆ 24 ಗಂಟೆಯಲ್ಲಿ ಬಿದ್ದರೆ ನಮ್ಮ ಕರಾವಳಿಗೆ ಅದು ಜೂನ್ ತಿಂಗಳಲ್ಲಿ ಅಪರೂಪವೇನಲ್ಲ. ಅದೇ 100 ಮಿ.ಮೀ. ಒಂದು ಗಂಟೆಯಲ್ಲಿ ಬಿದ್ದರೆ ಅದಕ್ಕೆ ಮೇಘಸ್ಫೋಟ ಎಂದು ಹೆಸರು. ದಿನದ ಬಣ್ಣ ಈ ವ್ಯತ್ಯಾಸವನ್ನು ಹೇಳಲಾರದು. ಮುಂದಿನ ಮೂರು ಗಂಟೆಗೆಂದು ಇಲಾಖೆ ಕೊಡುವ ತತ್‌ಕ್ಷಣದ ಮುನ್ಸೂಚನೆ ಹೇಳಬಲ್ಲದು, ಆದರೆ ಅದನ್ನು ಮನೆಯ ಹಿರಿಯರಿಗೆ ಓದಿ ಹೇಳುವ ಮಕ್ಕಳು ಆ ಹೊತ್ತಿಗೆ ಶಾಲೆಯಲ್ಲೋ ಕಚೇರಿಯಲ್ಲೋ ಇರುತ್ತಾರೆ.

ಕಡಲಿನ ಎಚ್ಚರಿಕೆಯ ಗತಿ ಇನ್ನೂ ಶೋಚನೀಯ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮಲ್ಪೆಯಲ್ಲಿ, ಗಂಗೊಳ್ಳಿಯಲ್ಲಿ, ನಮ್ಮ ಹಳೆಬಂದರಿನ ಧಕ್ಕೆಯಲ್ಲಿ ಟ್ರಾಲ್‌ಬೋಟುಗಳೂ ಪರ್ಸಿನ್ ಬೋಟುಗಳೂ ಒತ್ತೊತ್ತಾಗಿ ಕಟ್ಟಿ ನಿಂತಿರುತ್ತವೆ. ಹಾಗಿರುವಾಗ ‘ಮೀನುಗಾರರು ಕಡಲಿಗೆ ಇಳಿಯಬಾರದು’ ಎಂದು ಜೂನ್ ತಿಂಗಳಲ್ಲಿ ಬರುವ ಮಾತು ಯಾರಿಗೆ? ನಾಡದೋಣಿಯವರಿಗೆ. ಅವರಿಗೆ ಮಳೆಗಾಲವೇ ದುಡಿಮೆಯ ಕಾಲ. ಕಡಲಿನಲ್ಲಿ ತೂಫಾನ್ ಎದ್ದು, ಹೊಳೆಯ ಕೆನ್ನೀರು ಕಡಲು ಸೇರಿ ಅಡಿಯ ಕೆಸರು ಕಲಕಿದ ಮೇಲೆಯೇ ಸಿಗಡಿ, ಬೂತಾಯಿ, ಬಂಗುಡೆ ದಡದ ಹತ್ತಿರಕ್ಕೆ ಬರುವುದು ಎಂಬುದು ಅವರ ತಲೆಮಾರುಗಳ ಅನುಭವ. ತೂಫಾನ್ ಪೂರ್ತಿ ಇಳಿಯುವವರೆಗೆ ಕಾದರೆ ಮೀನು ಹೋಯಿತು, ಇಳಿಯುವ ಮೊದಲೇ ಹೋದರೆ ಜೀವ ಹೋಯಿತು. ನಡುವಿನ ಆ ಕೆಲವು ಗಂಟೆಗಳನ್ನು ಆರಿಸುವುದು ಅವರ ಕೆಲಸ. ಅದಕ್ಕೆ ಬೇಕಾಗುವುದು ಬಣ್ಣವಲ್ಲ, ಗಂಟೆ ಮತ್ತು ಎತ್ತರ.

ಇನ್‌ಕಾಯಿಸ್‌ನ ಪ್ರಕಟಣೆಯಲ್ಲಿ ಅದೆಲ್ಲ ಇದೆ. ಉಡುಪಿ ಜಿಲ್ಲೆಗೆ ಬೈಂದೂರಿನಿಂದ ಕಾಪುವರೆಗೆ, ದಕ್ಷಿಣ ಕನ್ನಡಕ್ಕೆ ಮೂಲ್ಕಿಯಿಂದ ಮಂಗಳೂರುವರೆಗೆ ಎಂದು ಕರಾವಳಿಯ ತುಂಡನ್ನು ಹೆಸರಿಸಿ, ಇಂತಹ ದಿನ ಇಷ್ಟು ಗಂಟೆಯಿಂದ ಇಂತಹ ದಿನ ಇಷ್ಟು ಗಂಟೆಯವರೆಗೆ ಇಷ್ಟು ಮೀಟರ್ ಎತ್ತರದ ಅಲೆಗಳು ಎಂದು ಅದು ಹೇಳುತ್ತದೆ. ಈ ಎತ್ತರದಲ್ಲಿಯೂ ಒಂದು ಸೂಕ್ಷ್ಮವಿದೆ. 3 ಮೀಟರ್ ಎಂದರೆ ಅತಿ ದೊಡ್ಡ ಅಲೆಯ ಎತ್ತರವಲ್ಲ. ಬರುವ ಅಲೆಗಳಲ್ಲಿ ದೊಡ್ಡದಾದ ಮೂರನೆಯ ಒಂದು ಭಾಗದ ಸರಾಸರಿ. ಅದೇ ಕಡಲಿನಲ್ಲಿ ಆಗೊಮ್ಮೆ ಈಗೊಮ್ಮೆ ಅದರ ಇಮ್ಮಡಿ ಎತ್ತರದ, ಐದಾರು ಮೀಟರಿನ ಅಲೆಯೂ ಏಳಬಹುದು. ಪಡುಕೆರೆಯ ನನ್ನ ಭಾವನಿಗೆ, ಅಂದರೆ ತಂಗಿಯ ಗಂಡನಿಗೆ, ನಾನು ಇದನ್ನು ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಏಳೆಂಟು ಅಲೆ ಎಣಿಸಿ ದೋಣಿ ದೂಡುವ ನಮ್ಮ ಹಿರಿಯರ ಕ್ರಮ ಸರಿಯೇ ಆಯಿತಲ್ಲ ಭಾವ” ಎಂದರು. ನಲುವತ್ತು ವರ್ಷ ನಾಡದೋಣಿಯಲ್ಲಿ ಹೋದವರು ಅವರು. ಪತ್ರಿಕೆಯಲ್ಲಿ ‘ಕಡಲು ಪ್ರಕ್ಷುಬ್ಧ’ ಎಂದು ಓದಿದರೆ, ಮಳೆಗಾಲದಲ್ಲಿ ಪ್ರಕ್ಷುಬ್ಧವಾಗದೆ ಇನ್ನೇನಾಗುತ್ತದೆ ಎಂದು ಪುಟ ತಿರುಗಿಸುತ್ತಾರೆ. ಅದೇ ಸುದ್ದಿಯಲ್ಲಿ ‘ಬೈಂದೂರು–ಕಾಪು, ಸಂಜೆ 5.30ರವರೆಗೆ, 3.2 ಮೀಟರ್’ ಎಂದಿದ್ದರೆ ಮರುದಿನ ಬೆಳಗಿನ ಜಾವದ ಬಗ್ಗೆ ಯೋಚಿಸಬಲ್ಲರು.

ನೆರೆಯ ಕೇರಳದವರು ‘ಕಳ್ಳಕ್ಕಡಲ್’ ಎಂದು ಕರೆಯುವ ಇನ್ನೊಂದು ಬಗೆಯ ಉಕ್ಕೇರಿಕೆಯೂ ಇದೆ. ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಹುಟ್ಟಿದ ದೀರ್ಘ ಅಲೆಗಳು ಕೆಲವು ದಿನಗಳ ಪ್ರಯಾಣದ ಬಳಿಕ ನಮ್ಮ ದಡಕ್ಕೆ ಬರುತ್ತವೆ. ಇಲ್ಲಿ ಗಾಳಿಯಿಲ್ಲ, ಮಳೆಯಿಲ್ಲ, ಆಕಾಶ ಶುಭ್ರವಾಗಿರುತ್ತದೆ, ಕಡಲು ಮಾತ್ರ ಕಳ್ಳನಂತೆ ಮನೆಯಂಗಳಕ್ಕೆ ನುಗ್ಗುತ್ತದೆ. 2012ರಲ್ಲಿ ಯುನೆಸ್ಕೊ ಕೂಡ ಒಪ್ಪಿಕೊಂಡ ಹೆಸರು ಅದು. ಇದು ಹೆಚ್ಚಾಗಿ ಕಾಣಿಸುವುದು ಮಳೆಗಾಲಕ್ಕೆ ಮುಂಚೆ, ಏಪ್ರಿಲ್ ಮೇ ತಿಂಗಳುಗಳಲ್ಲಿ, ಪ್ರವಾಸಿಗರು ಕಡಲತೀರದಲ್ಲಿ ತುಂಬಿರುವಾಗ. ಇದೂ ಉಬ್ಬರದ ಹೊತ್ತಿಗೆ ಕೂಡಿ ಬಂದಾಗಲೇ ಹೆಚ್ಚು ಒಳಗೆ ಬರುತ್ತದೆ.

ಮಳೆ ಮತ್ತು ಉಬ್ಬರದ ಕೂಡಿಕೆಯ ಲೆಕ್ಕ ಇಟ್ಟುಕೊಳ್ಳದೆ ನಮ್ಮ ಎರಡು ಜಿಲ್ಲೆಗಳ ನೆರೆಯ ಚರಿತ್ರೆಯನ್ನು ಬರೆಯಲಾಗದು ಎಂಬುದು ನನ್ನ ಅಭಿಪ್ರಾಯ. 2018ರ ಮೇ 29ರಂದು, ಕೇರಳಕ್ಕೆ ಮುಂಗಾರು ಪ್ರವೇಶಿಸಿತೆಂದು ಇಲಾಖೆ ಘೋಷಿಸಿದ ದಿನವೇ, ಮಂಗಳೂರು ನಗರ ನೀರಿನಲ್ಲಿ ಮುಳುಗಿತು. 2020ರ ಸೆಪ್ಟೆಂಬರ್ 20ರಂದು, ಮಳೆಗಾಲ ಮುಗಿಯಿತು ಎಂದು ಎಲ್ಲರೂ ನಿಶ್ಚಿಂತರಾಗಿದ್ದಾಗ, ಉಡುಪಿಯಲ್ಲಿ ಇಂದ್ರಾಣಿ ಹೊಳೆ ಉಕ್ಕಿ ಕಲ್ಸಂಕ, ಕೃಷ್ಣಮಠದ ಪರಿಸರದವರೆಗೆ ನೀರು ಬಂತು, ವಿಪತ್ತು ಸ್ಪಂದನೆಯ ಪಡೆ ದೋಣಿಯಲ್ಲಿ ಜನರನ್ನು ಹೊರತರಬೇಕಾಯಿತು. 2025ರಲ್ಲಿ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದು ಮೇ 24ರಂದು, ನಮ್ಮ ಪತ್ತನಾಜೆಯ ಹೊತ್ತಿಗೆ ಸರಿಯಾಗಿ. ಯಕ್ಷಗಾನದ ಆಟ, ಭೂತಕೋಲಗಳನ್ನು ನಿಲ್ಲಿಸಲು ಹಿರಿಯರು ಆ ದಿನವನ್ನೇ ಏಕೆ ಗೊತ್ತು ಮಾಡಿದ್ದರೆಂದು ಕೇಳುತ್ತಿದ್ದ ನನ್ನ ಮೊಮ್ಮಗನಿಗೆ ಆ ವರ್ಷ ನಾನು ಉತ್ತರ ಹೇಳಬೇಕಾಗಲಿಲ್ಲ. ಒಂದು ವಾರ ಕಳೆಯುವುದರೊಳಗೆ, ಮೇ 30ರಂದು, ಉಳ್ಳಾಲ ತಾಲ್ಲೂಕಿನಲ್ಲಿ ಗುಡ್ಡ ಜರಿದು ಮನೆಯೊಳಗೆ ಮಲಗಿದ್ದ ಮಕ್ಕಳ ಜೀವ ಹೋಯಿತು. ಗುಡ್ಡಕ್ಕೆ ಉಬ್ಬರದ ಹಂಗಿಲ್ಲ, ಒಪ್ಪುತ್ತೇನೆ. ಅಲ್ಲಿಯ ಎಚ್ಚರಿಕೆಯ ಪ್ರಶ್ನೆಯೇ ಬೇರೆ, ಅದಕ್ಕೆ ಬೇರೆ ಪತ್ರ ಬೇಕು. ನಗರದ ‘ಕೃತಕ ನೆರೆ’ಯ ಮಟ್ಟಿಗೆ ನಾನು ಹೇಳುತ್ತಿದ್ದೇನೆ. ಪ್ರತಿ ಸಲ ನೀರು ನುಗ್ಗಿದಾಗಲೂ ಮರುದಿನ ಪತ್ರಿಕೆಗಳಲ್ಲಿ ರಾಜಕಾಲುವೆಯ ಒತ್ತುವರಿ, ಹೂಳು, ಪ್ಲಾಸ್ಟಿಕ್ ಎಂಬ ಮೂರು ಕಾರಣಗಳು ತಪ್ಪದೆ ಬರುತ್ತವೆ. ಮೂರೂ ನಿಜ. ಆ ಹೊತ್ತಿಗೆ ಕಡಲು ಎಲ್ಲಿತ್ತು ಎಂಬ ಒಂದು ಸಾಲನ್ನು ಮಾತ್ರ ನಾನು ಈವರೆಗೆ ಓದಿಲ್ಲ.

ರಜೆಯ ವಿಷಯವನ್ನು ಎತ್ತಬಾರದೆಂದಿದ್ದೆ, ಆದರೂ ಒಂದು ಮಾತು. ನಮ್ಮಲ್ಲಿ ಮಳೆ ಎಚ್ಚರಿಕೆಯನ್ನು ಅತ್ಯಂತ ಶ್ರದ್ಧೆಯಿಂದ ಓದುವವರು ಶಾಲಾ ಮಕ್ಕಳು, ಮತ್ತು ಅವರು ಓದುವುದು ನಾಳೆ ರಜೆ ಇದೆಯೇ ಎಂಬ ಒಂದೇ ಸಾಲನ್ನು. ಹಳೆಯ ವರ್ಷದ ರಜೆಯ ಆದೇಶಕ್ಕೆ ಹೊಸ ದಿನಾಂಕ ಅಂಟಿಸಿ ಹರಿಯಬಿಡುವ ಕಲೆಯಲ್ಲಿಯೂ ಅವರು ಪಳಗಿದ್ದಾರೆ. ಅದೇ ಮಕ್ಕಳ ಕೈಗೆ ಒಂದು ಮಳೆಗಾಲವಿಡೀ ಉಬ್ಬರದ ಹೊತ್ತು ಬರೆದಿಡುವ ಕೆಲಸ ಕೊಟ್ಟು ನೋಡಬೇಕು. ನಾನು ಸೇವೆಯಲ್ಲಿದ್ದಾಗ ಒಮ್ಮೆ ಕೊಟ್ಟಿದ್ದೆ. ಉಬ್ಬರದ ತುದಿ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಸರಿಯುತ್ತದೆ, ಅಂದರೆ ತಡವಾಗುತ್ತ ಹೋಗುತ್ತದೆ, ಎಂಬುದನ್ನು ಬೋಳಾರದ ಹೊಳೆಬದಿಯ ಹುಡುಗನೊಬ್ಬ ಪುಸ್ತಕದ ಸಹಾಯವಿಲ್ಲದೆ ಎರಡೇ ವಾರದಲ್ಲಿ ಕಂಡುಕೊಂಡು ಬಂದಿದ್ದ.

ನನ್ನ ಬೇಡಿಕೆ ಚಿಕ್ಕದು. ನಿಮ್ಮ ಕರಾವಳಿ ಆವೃತ್ತಿಯಲ್ಲಿ ದಿನಪಂಚಾಂಗಕ್ಕೆ ಜಾಗವಿದೆ. ಸೂರ್ಯೋದಯ, ಸೂರ್ಯಾಸ್ತ, ರಾಹುಕಾಲ, ಗುಳಿಕಕಾಲ ಎಲ್ಲವೂ ನಿಮಿಷದ ಲೆಕ್ಕದಲ್ಲಿ ಬರುತ್ತವೆ. ಅದರ ಕೆಳಗೆ ಮಂಗಳೂರು ಮತ್ತು ಮಲ್ಪೆಯ ಎರಡು ಉಬ್ಬರ, ಎರಡು ಇಳಿತದ ಹೊತ್ತನ್ನು ಜೂನಿನಿಂದ ಅಕ್ಟೋಬರ್ ತನಕವಾದರೂ ಅಚ್ಚು ಹಾಕಿ. ಎಚ್ಚರಿಕೆ ಇರುವ ದಿನ ಬಣ್ಣದ ಹೆಸರಿನ ಜೊತೆಗೆ ಅದನ್ನು ಹೊರಡಿಸಿದ ಗಂಟೆ, ಮುಗಿಯುವ ಗಂಟೆ, ಮಿಲಿಮೀಟರಿನ ಮಿತಿ, ‘ಒಂದೆರಡು ಕಡೆ’ಯೋ ‘ಹಲವು ಕಡೆ’ಯೋ ಎಂಬ ಪದ, ಕಡಲಿನದಾದರೆ ಕರಾವಳಿಯ ಯಾವ ತುಂಡು, ಎಷ್ಟು ಮೀಟರ್ ಎಂಬುದನ್ನು ಕತ್ತರಿಸದೆ ಕೊಡಿ. ಜಿಲ್ಲಾ ತುರ್ತು ಸಹಾಯವಾಣಿಯ 1077 ಸಂಖ್ಯೆಯನ್ನು ವರ್ಷಕ್ಕೊಮ್ಮೆ ಮುಂಗಾರು ಸಿದ್ಧತೆಯ ವರದಿಯಲ್ಲಿ ಮಾತ್ರ ಕೊಡುವ ಬದಲು ಅದೇ ಚೌಕದಲ್ಲಿ ಇಡಿ. ಮಳೆಯ ಗಂಟೆಯೂ ಉಬ್ಬರದ ಗಂಟೆಯೂ ಒಂದರ ಮೇಲೊಂದು ಬರುವ ದಿನ, ತಗ್ಗಿನ ಮನೆಯವರು ವಾಹನವನ್ನು ಹಿಂದಿನ ರಾತ್ರಿಯೇ ಎತ್ತರದ ರಸ್ತೆಯಲ್ಲಿ ನಿಲ್ಲಿಸಲಿ ಎಂದು ಒಂದು ಸಾಲು ಸೇರಿಸಿದರೆ ಇನ್ನೂ ಒಳ್ಳೆಯದು. ನಮ್ಮ ಬೀದಿಯಲ್ಲಿ ಆ ದಿನ ನಾಲ್ಕು ಸ್ಕೂಟರ್, ಒಂದು ಆಟೋ ಕೆಟ್ಟವು. ಆಟೋದವರಿಗೆ ಒಂದು ವಾರ ದುಡಿಮೆಯಿಲ್ಲ.

ಈ ಚೌಕಕ್ಕೆ ಎರಡು ಅಂಗುಲ ಜಾಗ ಸಾಕೆಂದು ಅಳೆದು ನೋಡಿದ್ದೇನೆ. ಮಾದರಿಗೆಂದು ಹುಣ್ಣಿಮೆಯ ವಾರದ ಉಬ್ಬರದ ಹೊತ್ತುಗಳನ್ನು ಕೋಷ್ಟಕದಿಂದ ಕೈಬರಹದಲ್ಲಿ ತೆಗೆದು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ಹುಣ್ಣಿಮೆಗೆ ಇನ್ನು ಎಂಟು ದಿನವಿದೆ, ಆ ಹಗಲು ಉಬ್ಬರದ ತುದಿ ಮತ್ತೆ ನಡುಮಧ್ಯಾಹ್ನದ ಹತ್ತಿರಕ್ಕೇ ಬರುತ್ತದೆ. ನಮ್ಮ ಜಗಲಿಯ ಮೆಟ್ಟಿಲಿನ ಪಕ್ಕದ ಗೋಡೆಯಲ್ಲಿ ಹಿಂದಿನ ಸಲದ ನೀರಿನ ಗುರುತನ್ನು ಇದ್ದಿಲಿನಿಂದ ಗೀಚಿ ಇಟ್ಟಿದ್ದೇನೆ, ಆಟೋದವರಿಗೂ ತೋರಿಸಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಭೂಗೋಳ ಶಿಕ್ಷಕ,
ಜೆಪ್ಪಿನಮೊಗರು, ಮಂಗಳೂರು